ನಮ್ಮವರ ಬೈಕಿನ ಒಡವೆಗಳು

ಮೊನ್ನೆ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದಾಗ ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಒಂದು ಜೋಡಿ ಕನ್ನಡಿ ಸಿಕ್ಕಿತು. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ಬೈಕಿನ ಕನ್ನಡಿ. ಒಂದು ಗೀರೂ ಬೀಳದೆ ಕಂಪನಿಯಿಂದ ಬಂದ ಹಾಗೇ ಇತ್ತು. ಬೇರೆಯವರ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಏನು ಸಿಗುತ್ತದೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ದೇವರ ದೀಪದೆಣ್ಣೆಯ ಕ್ಯಾನಿನ ಪಕ್ಕ, ಎಲ್ಲಿ ಕೈ ಹಾಕಿದರೂ ಬೈಕಿನ ಯಾವುದಾದರೊಂದು ಅಂಗ ಸಿಗುತ್ತದೆ. ಕಂಪನಿ ಕೊಟ್ಟದ್ದನ್ನು ಬಿಚ್ಚಿ ಮನೆಯಲ್ಲಿಡುವುದು, ಸಂತೆಯಲ್ಲಿ ಸಿಕ್ಕಿದ್ದನ್ನು ಬೈಕಿಗೆ ತೊಡಿಸುವುದು ನಮ್ಮವರ ಪದ್ಧತಿ. ಬಿಚ್ಚಿಟ್ಟದ್ದನ್ನೆಲ್ಲ ಜೋಡಿಸಿದರೆ ಇನ್ನೊಂದು ಬೈಕೇ ಆದೀತು, ಇಂಜಿನ್ನು ಒಂದು ಕಡಿಮೆ.

ಕನ್ನಡಿಯನ್ನು ಸೆರಗಿನಿಂದ ಒರೆಸಿ, ಕಿಟಕಿಗೆ ಆನಿಸಿಟ್ಟು, ಕುಂಕುಮ ಇಟ್ಟುಕೊಂಡು ನೋಡಿದೆ. ಅದರಲ್ಲಿ ಎಲ್ಲವೂ ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತದೆ, ನನ್ನ ಗಲ್ಲವೂ ಸೇರಿ. ಇಷ್ಟು ಒಳ್ಳೆಯ ಕನ್ನಡಿಯನ್ನು ಯಾರಾದರೂ ತೆಗೆದುಹಾಕುತ್ತಾರೆಯೇ? ಈಗ ಅಡುಗೆಮನೆಯಲ್ಲಿ ಅದೇ ನನ್ನ ಕನ್ನಡಿ.

ನಮ್ಮವರೆಂದರೆ ಐತಾಳರು. ಈ ತಮಿಳು ಮಹಾನಗರದ ಕೀಲ್ಪಾಕಿನಲ್ಲಿ, ಆಸ್ಪತ್ರೆಯ ಹತ್ತಿರ, ನಮ್ಮ ಕುಂದಾಪುರದ ಕಡೆಯವರೇ ನಡೆಸುವ ಸಸ್ಯಾಹಾರಿ ಹೋಟೆಲೊಂದಿದೆ, ಅಲ್ಲಿ ಇವರು ಸೂಪರ್‌ವೈಸರ್. ಹೋಟೆಲಿನವರನ್ನು ಕಟ್ಟಿಕೊಂಡವಳ ಕಷ್ಟ ಕಟ್ಟಿಕೊಂಡವಳಿಗೇ ಗೊತ್ತು. ಕಾಗೆ ಏಳುವ ಮೊದಲು ಇಡ್ಲಿ ಬೇಯಬೇಕು, ಇಡ್ಲಿ ಬೇಯುವ ಮೊದಲು ಇವರು ಏಳಬೇಕು. ಕೆಲಸ ಮುಗಿಸಿ ಬಂದು ಊಟಕ್ಕೆ ಕೂತರೆ ಸಾರಿಗೂ ಮಜ್ಜಿಗೆಗೂ ನಡುವೆಯೇ ನಿದ್ದೆ. ಹಗಲೆಲ್ಲ ‘ಎರಡು ಕಾಫಿ, ಟೇಬಲ್ ಒರೆಸು, ಸಾಂಬಾರ್ ಎಲ್ಲಿ’ ಎಂದು ಕೂಗಿ ಕೂಗಿ ಮನೆಗೆ ಬರುವಷ್ಟರಲ್ಲಿ ಇವರ ಮಾತು ಖರ್ಚಾಗಿರುತ್ತದೆ. ನನಗೆ ಗಂಡ ಎಂದು ಸಿಗುವುದು ವಾರದ ರಜೆಯ ದಿನ, ಶುಕ್ರವಾರ. ಪಲ್ಲಾವರಂ ಸಂತೆಯೂ ಶುಕ್ರವಾರವೇ. ಮದುವೆಯಾದಂದಿನಿಂದ ನಾವು ಶುಕ್ರವಾರ ಬೈಕು ಹತ್ತಿ ಸಂತೆಗೆ ಹೋಗುತ್ತೇವೆ. ನಾನು ಸೊಪ್ಪು, ಹೂವಿನ ಗಿಡ, ಅಗ್ಗದ ಸ್ಟೀಲ್ ಡಬ್ಬ ನೋಡುತ್ತೇನೆ, ಇವರು ನಟ್ಟು ಬೋಲ್ಟು ನೋಡುತ್ತಾರೆ. ಬೈಕುಗಳು ಬದಲಾದವು, ದಾರಿ ಬದಲಾಗಲಿಲ್ಲ. ನಮ್ಮ ಸಂಸಾರ ನಡೆದದ್ದೇ ಹೆಚ್ಚುಕಡಿಮೆ ಆ ದಾರಿಯ ಮೇಲೆ. ಆ ಶುಕ್ರವಾರವೇ ಕೈತಪ್ಪಿ ಹೋಗುವ ಕಾಲವೊಂದು ಬಂದಿತ್ತು, ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಮೊದಲು ಒಡವೆಗಳ ವಿಷಯ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳು ನಾನೇ. ಈಗಿನ ಬೈಕು ಬಂದ ಹೊಸದರಲ್ಲಿ, ‘ಸೈಡಿಗೆ ಕೂತರೆ ಕಾಲಿಡೂಕೆ ಸ್ವಲ್ಪ ಅಗಲ ಹಲಗೆ ಇದ್ರೆ ಲಾಯ್ಕಿತ್ತ್’ ಎಂದಿದ್ದೆ. ನೂರು ಸಿಸಿಯ ಪಾಪದ ಬೈಕು ಅದು. ಆಫೀಸಿಗೆ ಹೋಗುವವರು, ಹಾಲು ತರುವವರು, ಪೆಟ್ರೋಲಿನ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುವವರು ಕೊಳ್ಳುವಂಥದ್ದು. ಕಾಲಿಡಲು ಕಂಪನಿ ಕೊಟ್ಟಿದ್ದು ಸೌಟಿನ ಹಿಡಿಯಷ್ಟು ಸಪೂರದ ಕಂಬಿ. ಮುಂದಿನ ಶುಕ್ರವಾರವೇ ಹಲಗೆ ಬಂತು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೋಟೆಲಿನವರ ಬುದ್ಧಿ ನಿಮಗೆ ಗೊತ್ತಿರಬೇಕು. ಅವರ ಕಣ್ಣಿಗೆ ಬರೀ ಇಡ್ಲಿ ಎನ್ನುವುದು ಇಡ್ಲಿಯೇ ಅಲ್ಲ. ಬಿಳಿ ಚಟ್ನಿ, ಕೆಂಪು ಚಟ್ನಿ, ಹಸಿರು ಚಟ್ನಿ, ಸಾಂಬಾರು, ಕೇಳಿದವರಿಗೆ ಪುಡಿ, ಪುಡಿಗೆ ಎಣ್ಣೆ. ಇಷ್ಟೂ ಸುತ್ತ ಕೂತ ಮೇಲೆಯೇ ಅದು ತಟ್ಟೆ. ನನ್ನ ಹಲಗೆ ಹಾಕಿಸಿದ ದಿನ ಇವರು ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ‘ಬಲಗಡೆ ಬೋಳಾಯ್ತಲ್ದಾ’ ಎಂದರು. ಬಲಗಡೆಗೆ ಬೀಗ ಹಾಕುವ ಡಬ್ಬ ಬಂತು. ಡಬ್ಬದ ಭಾರಕ್ಕೆ ಗಾಡಿ ವಾಲುತ್ತದೆ ಎಂದು ಮುಂದೆ ಕ್ರ್ಯಾಶ್ ಗಾರ್ಡು. ಕ್ರ್ಯಾಶ್ ಗಾರ್ಡು ಇದ್ದ ಮೇಲೆ ಅದಕ್ಕೆ ಎರಡು ಲೈಟು. ಲೈಟಿನ ಸ್ವಿಚ್ಚಿಗೆ ಜಾಗ ಬೇಕೆಂದು ಹ್ಯಾಂಡಲಿಗೊಂದು ಪಟ್ಟಿ, ಪಟ್ಟಿಯಲ್ಲಿ ಜಾಗ ಉಳಿಯಿತೆಂದು ಮೊಬೈಲ್ ಹೋಲ್ಡರು, ಮೊಬೈಲು ಇಟ್ಟ ಮೇಲೆ ಚಾರ್ಜರು. ಟ್ಯಾಂಕಿಗೆ ಜೇಬುಳ್ಳ ಕವರು, ಕವರಿನ ಜೇಬಿಗೆ ಬಾಚಣಿಗೆ. ನಮ್ಮವರ ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿರಲಿಲ್ಲ, ಆದರೂ ಜೇಬು ಖಾಲಿ ಇರಬಾರದಲ್ಲ! ಕನ್ನಡಿ ಬದಲಾಯಿತು, ಗ್ರಿಪ್ಪು ಬದಲಾಯಿತು. ಇಂಡಿಕೇಟರ್ ಹಾಕಿದರೆ ಹಕ್ಕಿ ಚಿಲಿಪಿಲಿ ಎನ್ನುವ ಬಜರು ಬಂತು, ಬ್ರೇಕು ಒತ್ತಿದರೆ ಹಿಂದೆ ಕೆಂಪು ದೀಪಗಳ ಓಡಾಟ. ನನಗಾಗಿ ಹಿಂದೆ ಒರಗುವ ದಿಂಬು ಬಂತು. ದಿಂಬು ಬಂದ ಮೇಲೆ ನನಗೆ ಕಾಲೆತ್ತಿ ಹತ್ತುವುದಿರಲಿ, ಸೈಡಿಗೆ ಕೂರುವುದೂ ಒಂದು ವಿದ್ಯೆಯಾಯಿತು. ಬಸ್ಸು ಹತ್ತುವವಳಂತೆ ಮೊದಲು ಹಲಗೆಯ ಮೇಲೆ ನಿಂತು, ಇವರ ಭುಜ ಹಿಡಿದು, ಆಮೇಲೆ ತಿರುಗಿ ಕೂರಬೇಕು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಮಾಡಿದವರು ನಮ್ಮ ಬೈಕನ್ನು ನೋಡಿರಲಿಲ್ಲ, ನೋಡಿದ್ದರೆ ಇನ್ನೂ ಗಟ್ಟಿಯಾದ ಗಾದೆ ಮಾಡುತ್ತಿದ್ದರು.

ನನ್ನ ಮೈಮೇಲೆ ಒಂದೆಳೆ ಸರ, ಎರಡು ಬಳೆ. ಬೈಕಿಗೆ ಮಾತ್ರ ತಲೆಯಿಂದ ಕಾಲಿನವರೆಗೆ. ನಮ್ಮ ಮಗಳು ನಿಧಿ ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಕಾಲೇಜಿಗೆ ಬಿಡುತ್ತೇನೆ ಬಾ ಎಂದು ಇವರು ಕರೆದರೆ, ‘ಅಪ್ಪಾ, ಇದು ಬೈಕಾ, ಪಾತ್ರ ಕಡೈಯಾ? ನಾನ್ ಬಸ್ಸುಲ ಪೋರೇನ್’ ಎಂದು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು. ಪಾತ್ರೆ ಅಂಗಡಿ ಎಂದದ್ದಕ್ಕೆ ಇವರಿಗೆ ಬೇಸರವಾಗಲಿಲ್ಲ. ಪಾತ್ರೆ ಅಂಗಡಿ ಎಂದರೆ ಹೊಳೆಯುತ್ತದೆ ಎಂದು ಅರ್ಥ ಮಾಡಿಕೊಂಡರು.

ಹಾರ್ನಿನ ವಿಷಯ ಹೇಳದಿದ್ದರೆ ತಪ್ಪಾದೀತು. ಕಂಪನಿಯ ಹಾರ್ನು ನೆಗಡಿಯಾದ ಮೇಕೆಮರಿಯಂತೆ ಕೂಗುತ್ತದೆ ಎಂದು ಇವರು ಊರೂರು ಓಡಾಡುವ ಬಸ್ಸಿನ ಹಾರ್ನು ತಂದು ಹಾಕಿಸಿದರು. ಮೊದಲ ಶುಕ್ರವಾರ ಸಂತೆಯಿಂದ ಬರುವಾಗ ಗಿಂಡಿ ಎಂಬಲ್ಲಿ ಒಂದು ಸಲ ಒತ್ತಿದ್ದೇ ತಡ, ಮುಂದಿದ್ದ ಆಟೋ ಬೆಚ್ಚಿ ಬದಿಗೆ ಸರಿಯಿತು. ಆಟೋದವರು ಹಿಂದೆ ಬಸ್ಸು ಬರುತ್ತದೆಂದು ಕಾದರು. ಬಸ್ಸಿನ ಬದಲು ನಾವಿಬ್ಬರು, ನನ್ನ ಮಡಿಲಲ್ಲಿ ಒಂದು ದಾಸವಾಳದ ಗಿಡ. ‘ಯೋವ್, ಇದುಕ್ಕಾ ಇವ್ಳೋ ಸೌಂಡು?’ ಎಂದರು. ಇದಕ್ಕಾ ಇಷ್ಟು ಸದ್ದು ಎಂಬ ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ನಾನು ಸೆರಗಿನಿಂದ ಮುಖ ಮುಚ್ಚಿಕೊಳ್ಳಲು ಹೋದೆ, ತಲೆಯಲ್ಲಿ ಹೆಲ್ಮೆಟ್ ಇದ್ದದ್ದು ಆಮೇಲೆ ನೆನಪಾಯಿತು.

ಬೈದುಕೊಂಡರೂ ನನಗೆ ಈ ಹುಚ್ಚು ಪೂರ್ತಿ ಹೊಸದಲ್ಲ. ನನ್ನ ಅಪ್ಪಯ್ಯನಿಗೆ ಒಂದು ಸೈಕಲ್ಲಿತ್ತು. ಅದರ ಚಕ್ರದ ನಡುವಿನ ಗುಂಬಕ್ಕೆ ಹಳದಿ ಕೆಂಪು ನೂಲಿನ ಬಳೆ, ಚಕ್ರ ತಿರುಗಿದ ಹಾಗೆ ತಾನೇ ಉಜ್ಜಿ ಗುಂಬ ಹೊಳೆಯುವಂತೆ ಮಾಡುವುದು. ಹ್ಯಾಂಡಲಿನ ಎರಡು ತುದಿಗೂ ಪ್ಲಾಸ್ಟಿಕ್ಕಿನ ಕುಚ್ಚು. ಮಡ್‌ಗಾರ್ಡಿನ ತುದಿಯಲ್ಲಿ ಹದ್ದಿನ ಬೊಂಬೆಯೊಂದಿತ್ತು, ಅದರ ಕೊಕ್ಕನ್ನು ನನ್ನ ತಮ್ಮ ಕಚ್ಚಿ ತುಂಡು ಮಾಡಿದ್ದ. ಡೈನಮೋ ಹಾಕಿದರೆ ಅಪ್ಪಯ್ಯ ಏದುಸಿರು ಬಿಟ್ಟಷ್ಟೂ ದೀಪಕ್ಕೆ ಬೆಳಕು ಹೆಚ್ಚು. ದಿಬ್ಬದಲ್ಲಿ ದೀಪ ಮಂಕಾದರೆ ನಾನು ಹಿಂದಿನಿಂದ ‘ಜೋರು ಅಪ್ಪಯ್ಯ, ಕತ್ತಲಾಯ್ತ್’ ಎಂದು ಆಜ್ಞೆ ಮಾಡುತ್ತಿದ್ದೆ. ಅಮ್ಮ ಅದೇ ಕ್ಯಾರಿಯರಿನ ಮೇಲೆ ಕೂತು ಹೋದರೆ ಹೊರಟಲ್ಲಿಂದ ಮುಟ್ಟುವವರೆಗೆ ಒಂದು ಮಾತಾಡುತ್ತಿರಲಿಲ್ಲ. ಅವಳ ಆ ಮೌನವೆಲ್ಲ ಶೇಖರವಾಗಿ ನನ್ನ ಪಾಲಿಗೆ ಮಾತಾಗಿ ಬಂದಿದೆ ಎಂದು ನಮ್ಮ ಮನೆಯವರು ಹೇಳುವುದುಂಟು. ಇರಬಹುದು. ನನಗೆ ಹಿಂದಿನ ಸೀಟಿನಲ್ಲಿ ಕೂತ ತಕ್ಷಣ ಬಾಯಿ ತೆರೆಯುತ್ತದೆ, ಮುಚ್ಚಲು ಸಿಗ್ನಲ್ಲೇ ಬೇಕು.

ಶುಕ್ರವಾರದ ದಾರಿಯಲ್ಲಿ ನಾನು ವಾರದ ಮಾತೆಲ್ಲ ಇವರ ಬೆನ್ನಿಗೆ ಹೇಳುತ್ತೇನೆ. ಗ್ಯಾಸ್ ಒಲೆ ಬದಲಾಯಿಸುವ ವಿಷಯ, ನಿಧಿ ಯಾವ ವಿಷಯ ಓದಬೇಕು ಎಂಬ ವಿಷಯ, ತಂಗಿಯ ಮನೆಯ ಗೃಹಪ್ರವೇಶಕ್ಕೆ ಯಾರು ಹೋಗಬೇಕು, ಯಾರು ಹೋಗಬಾರದು. ಹೇಳಿ ಮುಗಿಸಿ ಭುಜ ತಟ್ಟಿದರೆ ಇವರು ‘ಹ್ಞೂಂ’ ಎನ್ನುತ್ತಾರೆ. ಅಲ್ಲಿಗೆ ಆ ವಿಷಯ ಪಾಸಾದ ಹಾಗೆ. ನಮ್ಮ ಮನೆಯ ದೊಡ್ಡ ದೊಡ್ಡ ತೀರ್ಮಾನಗಳೆಲ್ಲ ಮೀನಂಬಾಕ್ಕಂ ವಿಮಾನ ನಿಲ್ದಾಣದ ಆಚೀಚೆ ಈ ರೀತಿಯಲ್ಲಿ ಆದದ್ದು. ನಮ್ಮ ಮನೆಗೆ ಬಂದ ಹೆಂಗಸರ ಮುಂದೆ ನಾನು ಹೆಮ್ಮೆಯಿಂದ, ‘ನಮ್ಮವರು ಒಂದಕ್ಕೂ ಎದುರು ಹೇಳುವವರಲ್ಲ’ ಎನ್ನುತ್ತಿದ್ದೆ. ಹೊಸ ಫ್ರಿಜ್ಜು ಮನೆಗೆ ಬಂದ ದಿನ ಮಾತ್ರ ಇವರು ಬಾಗಿಲಲ್ಲೇ ನಿಂತು, ‘ಇದ್ ಯಾರದ್?’ ಎಂದು ಕೇಳಿದ್ದರು. ದಣಿದು ಬಂದಿದ್ದಾರೆ ಎಂದುಕೊಂಡೆ.

ಹೀಗಿರುವಾಗ ಹೋಟೆಲಿನ ಸಾಹುಕಾರರು ನಗರದ ಉತ್ತರ ತುದಿಯ ಎಣ್ಣೂರಿನಲ್ಲಿ ಹೊಸ ಬ್ರಾಂಚು ತೆರೆಯುವುದೆಂದು ಹೊರಟರು. ಬಂದರಿನ ರಸ್ತೆ, ಲಾರಿಗಳ ಸಾಲು, ವಿದ್ಯುತ್ ಸ್ಥಾವರದ ಕೆಲಸಗಾರರು, ವ್ಯಾಪಾರಕ್ಕೆ ತೊಂದರೆಯಿಲ್ಲ. ಐತಾಳರೇ ಅಲ್ಲಿಗೆ ಮ್ಯಾನೇಜರ್ ಎಂದೂ ಆಯಿತು. ನನಗೆ ಸಂತೋಷವೇ. ಎಣ್ಣೂರೇನು, ಸಮುದ್ರದ ಗಾಳಿ ಕುಡಿದು ಬೆಳೆದವಳಿಗೆ ಅಲ್ಲಿಯ ಉಪ್ಪು ಹೊಸದೂ ಅಲ್ಲ. ಆದರೆ ಹೊಸ ಬ್ರಾಂಚು ನೆಲೆ ಕಾಣುವವರೆಗೆ ಮ್ಯಾನೇಜರಿಗೆ ವಾರದ ರಜೆ ಇಲ್ಲ ಎಂದು ಸಾಹುಕಾರರು ಹೇಳಿದರಂತೆ. ನೆಲೆ ಕಾಣುವುದು ಎಂದರೆ ಯಾವಾಗ? ಕೀಲ್ಪಾಕಿನ ಹೋಟೆಲು ಇಷ್ಟು ವರ್ಷವಾದರೂ ಇನ್ನೂ ನೆಲೆ ಕಂಡಿಲ್ಲ ಎಂದೇ ಸಾಹುಕಾರರು ಹೇಳುವುದು. ಅಂದರೆ ನನ್ನ ಶುಕ್ರವಾರ ಹೋಯಿತು. ಇರುವುದೇ ಅದೊಂದು. ಅದು ಹೋದರೆ ಇವರು ನನಗೆ ನಿದ್ದೆಯಲ್ಲಿ ತೂಗುವ ತಲೆಯಾಗಿ ಮಾತ್ರ ಉಳಿಯುತ್ತಾರೆ. ನನಗೆ ನಿಜವಾಗಿ ಭಯವಾಯಿತು.

ಶುಕ್ರವಾರ ಬೈಕಿನ ಮೇಲೆ ಹೇಳಿದೆ. ‘ರಜೆ ಕೊಟ್ರೆ ಬತ್ತೆ, ಇಲ್ದಿದ್ರೆ ಬತ್ತಿಲ್ಲೆ ಅಂತ ಸಾವ್ಕಾರ್ರಿಗೆ ಖಂಡಿತ ಹೇಳಿ.’ ಇವರು ‘ಹ್ಞೂಂ’ ಎಂದರು. ಮುಂದಿನ ವಾರ ಮತ್ತೆ ಹೇಳಿದೆ, ಮತ್ತೆ ‘ಹ್ಞೂಂ’. ಸಾಹುಕಾರರಿಗೆ ಎದುರಾಡದ ಮನುಷ್ಯ ನನಗಾಗಿ ಹೇಳಲು ಒಪ್ಪಿದರಲ್ಲ ಎಂದು ನನಗೆ ಕಣ್ಣು ತುಂಬಿಬಂತು. ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳಲಾಗದೆ ಹಾಗೇ ಬಿಟ್ಟೆ.

ಆಮೇಲಿನ ಶುಕ್ರವಾರ ಸಂತೆಯಲ್ಲಿ ನಾನು ಕರಿಬೇವಿನ ಸಸಿ ಆರಿಸುತ್ತಿದ್ದಾಗ ಇವರು ಓಡುತ್ತ ಬಂದರು. ಹಳೆಯ ರಿಮೋಟು, ರೆಕ್ಕೆಯಿಲ್ಲದ ಫ್ಯಾನು, ಒಂಟಿ ಬೂಟುಗಳ ನಡುವೆ ಪ್ಲಾಸ್ಟಿಕ್ ಹಾಳೆಯ ಮೇಲೆ ಇವರಿಗೊಂದು ಹೊಸ ಒಡವೆ ಕಂಡಿತ್ತು. ಬೆಂಕಿಪೆಟ್ಟಿಗೆಗಿಂತ ಚೂರು ದೊಡ್ಡದಾದ ಎರಡು ಕರಿ ಪೆಟ್ಟಿಗೆ. ಒಂದೊಂದು ಹೆಲ್ಮೆಟ್ಟಿಗೆ ಒಂದೊಂದು ಸಿಕ್ಕಿಸಿದರೆ ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಮಾತು ಕೇಳುತ್ತದೆ. ಜೊತೆಗೆ ಕೊಟ್ಟ ಕಾಗದ ಚೀನೀ ಭಾಷೆಯಲ್ಲಿತ್ತು. ಮಾರುವವರು ಎರಡನ್ನೂ ಸಿಕ್ಕಿಸಿ, ಇವರ ಮೊಬೈಲಿಗೂ ಏನೋ ಜೋಡಿಸಿ, ‘ಅಕ್ಕಾ, ಪೇಸಿ ಪಾರುಂಗ’, ಮಾತಾಡಿ ನೋಡಿ, ಎಂದರು. ನಾನು ಹೆಲ್ಮೆಟ್ ಹಾಕಿಕೊಂಡು ಮೆಲ್ಲಗೆ, ‘ಹ್ವಾಯ್’ ಎಂದೆ. ಬೈಕಿನ ಹತ್ತಿರ ನಿಂತಿದ್ದ ಇವರು ಹಾವು ತುಳಿದವರಂತೆ ಹಾರಿದರು. ಅಷ್ಟು ವರ್ಷದಲ್ಲಿ ನನ್ನ ಮಾತಿಗೆ ಇವರು ಅಷ್ಟು ಚುರುಕಾಗಿ ಸ್ಪಂದಿಸಿದ್ದನ್ನು ನಾನು ಕಂಡಿರಲಿಲ್ಲ. ತೆಗೆದುಕೊಳ್ಳಿ ಎಂದೆ.

ಪಲ್ಲಾವರಂ ಬಿಡುವವರೆಗೂ ಬಹಳ ಚೆನ್ನಾಗಿತ್ತು. ಜಿಎಸ್‌ಟಿ ರಸ್ತೆಯ ಗದ್ದಲದ ನಡುವೆ ಇವರ ದನಿ ನನ್ನ ಕಿವಿಯೊಳಗೇ ಕೂತಿತ್ತು. ‘ಕೇಳ್ತಿತ್ತಾ?’ ಎಂದು ಇವರು, ‘ಕೇಳ್ತಿತ್ತ್, ನಿಮಗೆ?’ ಎಂದು ನಾನು. ಹೊಸದಾಗಿ ಮದುವೆಯಾದವರ ಹಾಗೆ ಇದನ್ನೇ ನಾಲ್ಕಾರು ಸಲ ಕೇಳಿಕೊಂಡೆವು. ಆಮೇಲೆ ನಾನು ವಿಷಯಕ್ಕೆ ಬಂದೆ.

‘ಎಣ್ಣೂರಿನ ವಿಷಯ ಸಾವ್ಕಾರ್ರಿಗೆ ಹೇಳಿದ್ರ್ಯಾ?’

‘ಎಂತ ಹೇಳೂಕೆ?’

‘ರಜೆ ಇಲ್ದಿದ್ರೆ ಬತ್ತಿಲ್ಲೆ ಅಂತ. ನಾನ್ ಹೇಳಿದ್ದೆ ಅಲ್ದಾ? ನೀವು ಹ್ಞೂಂ ಅಂದಿದ್ರಿ.’

‘ಅದ್ ಯಾವಾಗ ಹೇಳ್ದೆ ಮಾರಾಯ್ತಿ?’

‘ಹೋದ ಶುಕ್ರವಾರ. ಅದರ ಹಿಂದಿನ ಶುಕ್ರವಾರ. ಇದೇ ರಸ್ತೆಯಲ್ಲಿ!’

ಇವರು ಗಾಡಿಯ ವೇಗ ಹೆಚ್ಚಿಸಿದರು. ಆ ಪೆಟ್ಟಿಗೆ ಇಲ್ಲದಿದ್ದರೆ ಅಲ್ಲಿಗೇ ತಪ್ಪಿಸಿಕೊಳ್ಳುತ್ತಿದ್ದರು. ಈಗ ಇವರು ನುಂಗಿದ ಉಗುಳೂ ನನಗೆ ಕೇಳುತ್ತಿತ್ತು.

‘ಗಾಳಿಯಲ್ಲಿ ನಂಗೆಲ್ಲಿ ಕೇಳ್ತಿತ್ತ್? ನೀನು ಮಾತಾಡ್ತಾ ಇದ್ದಿ ಅಂತ ಬೆನ್ನಿಗೆ ಗೊತ್ತಾತ್ತ್. ಭುಜ ತಟ್ಟಿದ್ರೆ ಮುಗೀತ್ ಅಂತ ಲೆಕ್ಕ. ಅದಕ್ಕೆ ನಾನ್ ಹ್ಞೂಂ ಅಂತೆ.’

‘ಯಾವಾಗಿಂದ ಹೀಗೆ?’

‘ಮೊದಲಿಂದಲೂ.’

ನೀವೇ ಹೇಳಿ, ಇದನ್ನು ಕೇಳಿ ಯಾವ ಹೆಂಗಸು ಹಿಂದಿನ ಸೀಟಿನಲ್ಲಿ ಭದ್ರವಾಗಿ ಕೂರುತ್ತಾಳೆ? ಗ್ಯಾಸ್ ಒಲೆ, ಫ್ರಿಜ್ಜು, ಮಗಳ ಓದು, ತಂಗಿಯ ಗೃಹಪ್ರವೇಶ, ಒಂದೊಂದೂ ನನ್ನ ಕಣ್ಣ ಮುಂದೆ ಬಂದು ನಿಂತಿತು. ಇಷ್ಟು ವರ್ಷ ನಾನೊಬ್ಬಳೇ ಸಭೆ ಸೇರಿ, ನಾನೊಬ್ಬಳೇ ಕೈಯೆತ್ತಿ, ಎಲ್ಲರೂ ಒಪ್ಪಿದರು ಎಂದು ಚಪ್ಪಾಳೆ ತಟ್ಟಿಕೊಂಡಿದ್ದೆ.

‘ಮತ್ತೆ ಸಾವ್ಕಾರ್ರಿಗೆ ಎಂತ ಹೇಳಿದ್ದೀರಿ?’

‘ಅವರು ರಜೆ ಇಲ್ಲ ಅಂದ್ರು. ನಾನು ಹ್ಞೂಂ ಅಂದೆ.’

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ವಿಮಾನ ನಿಲ್ದಾಣದ ಎದುರು ಬಂದಿದ್ದೆವು. ನಾನು ಶುರು ಮಾಡಿದೆ. ನಡುವೆ ಕಿವಿಯಲ್ಲಿ ಟುಣುಕ್ ಎಂದು ಒಂದು ಸದ್ದಾಯಿತು. ಆ ಬೈಕಿನಲ್ಲಿ ಚಿಲಿಪಿಲಿ, ಟಿಣಿಟಿಣಿ, ಪೀಂ ಪೀಂ ಎಂದು ಏನಾದರೊಂದು ಸದ್ದು ಆಗುತ್ತಲೇ ಇರುತ್ತದೆ, ನಾನು ಅದನ್ನು ಲೆಕ್ಕಕ್ಕಿಡಲಿಲ್ಲ. ಇವರು ಎಡಗೈಯನ್ನು ಹಿಂದಕ್ಕೆ ಚಾಚಿ ಬೀಸತೊಡಗಿದರು. ಎಡಕ್ಕೆ ತಿರುಗುವ ಸನ್ನೆ ಎಂದುಕೊಂಡೆ. ಎಡಕ್ಕೆ ತಿರುಗಲು ಅಲ್ಲಿ ರಸ್ತೆಯೇ ಇಲ್ಲವಲ್ಲ ಎಂದು ನನಗೆ ಹೊಳೆಯಬೇಕಿತ್ತು, ಆದರೆ ಸಿಟ್ಟು ಬಂದಾಗ ಭೂಗೋಳ ಯಾರಿಗೆ ನೆನಪಿರುತ್ತದೆ?

‘ನಿಮ್ಮ ಸಾವ್ಕಾರ್ರಿಗೆ ಎಂಥಾ ಕೈ ಮಾರಾಯ್ರೆ, ಅದರಿಂದ ಒಂದು ಗೋಡಂಬಿ ಜಾರಿ ಪೊಂಗಲಿಗೆ ಬೀಳೂದಿಲ್ಲೆ! ವಡೆ ತೂತು ದೊಡ್ಡ ಮಾಡಿ ಮಾಡಿ ಈಗ ತೂತಿನ ಸುತ್ತ ವಡೆ ಹುಡುಕೂ ಹಾಂಗಾಯ್ತ್. ಆ ಮನುಷ್ಯರು ರಜೆ ಕೊಡ್ತ್ರ್ ಅಂತ ನಾನ್ ಕಾದದ್ದೇ ತಪ್ಪು.’

ಇವರ ಕೈ ಈಗ ಇನ್ನೂ ಜೋರಾಗಿ ಆಡುತ್ತಿತ್ತು. ಹ್ಯಾಂಡಲಿನ ಪಟ್ಟಿಯ ಮೇಲಿದ್ದ ಸ್ವಿಚ್ಚುಗಳನ್ನೆಲ್ಲ ಇವರು ಒತ್ತತೊಡಗಿದರು. ಲೈಟು ಹತ್ತಿತು, ಹಕ್ಕಿ ಚಿಲಿಪಿಲಿ ಎಂದಿತು, ಬಸ್ಸಿನ ಹಾರ್ನು ಒಮ್ಮೆ ಬೊಬ್ಬೆ ಹೊಡೆಯಿತು, ಪಕ್ಕದ ಸ್ಕೂಟರಿನವರು ನಮಗೆ ದಾರಿ ಬಿಟ್ಟರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಲು ಆಗಲಿಲ್ಲ. ಸಿಟ್ಟಿನ ತಳದಲ್ಲಿದ್ದ ಮಾತು ಅಷ್ಟರಲ್ಲಿ ಗಂಟಲಿಗೆ ಬಂದಾಗಿತ್ತು.

‘ನಂಗೆ ಎಣ್ಣೂರು ಬ್ಯಾಡ ಅಂತಲ್ಲ. ಎಲ್ಲಿಗೆ ಬೇಕಾರೂ ಬತ್ತೆ. ಶುಕ್ರವಾರ ಬೇಕು. ಆರು ದಿನ ಅವರೇ ಇಟ್ಕಣ್ಲಿ, ಒಂದು ದಿನ ಈ ಮನುಷ್ಯ ನಂಗೆ ಬೇಕು. ಅಷ್ಟೇ ನಾನ್ ಕೇಳೂದ್.’

ಹೇಳಿ ಮುಗಿಸಿ ಅಭ್ಯಾಸದಂತೆ ಭುಜ ತಟ್ಟಿದೆ. ‘ಹ್ಞೂಂ’ ಬರಲಿಲ್ಲ. ಬದಲಿಗೆ ನನ್ನ ಕಿವಿಯಲ್ಲಿ ಬೇರೊಂದು ದನಿ ಕೇಳಿತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೋಟೆಲಿನಲ್ಲಿ ನನಗೆ ಹೂವು ಹಣ್ಣು ಕೊಟ್ಟು ‘ಅರಾಮಾ?’ ಎಂದು ಕೇಳುವ ದನಿ.

‘ಐತಾಳ್ರೆ, ಯಾರದ್ ಅದು?’

ನನ್ನ ಕೈ ಇವರ ಭುಜದ ಮೇಲೆ ಹಾಗೇ ಕಲ್ಲಾಯಿತು. ಫೋನು ಬಂದರೆ ಆ ಪೆಟ್ಟಿಗೆ ತಾನಾಗಿ ಎತ್ತುತ್ತದೆ, ಇಬ್ಬರ ಕಿವಿಗೂ ಒಟ್ಟಿಗೇ ಕೊಡುತ್ತದೆ ಎಂದು ಆ ಚೀನೀ ಕಾಗದದಲ್ಲಿ ಬರೆದಿತ್ತೋ ಏನೋ. ಮೊಬೈಲ್ ಹೋಲ್ಡರಿನಲ್ಲಿ ಸಾಹುಕಾರರ ಹೆಸರು ಹೊಳೆಯುತ್ತಿದ್ದುದನ್ನು ನಾನು ಇವರ ಭುಜದ ಮೇಲಿನಿಂದ ಆಗ ನೋಡಿದೆ.

‘ಅದು... ಎಫ್ಎಮ್ಮು, ಸಾವ್ಕಾರ್ರೆ’ ಎಂದರು ನಮ್ಮವರು.

‘ಎಫ್ಎಮ್ಮಿನೋರಿಗೆ ನಮ್ಮ ವಡೆ ತೂತು ಹ್ಯಾಂಗೆ ಗೊತ್ತಾಯ್ತ್?’

ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಅದು ಇನ್ನೂ ಸ್ವಲ್ಪ ಹೊತ್ತು ಇಳಿಯುತ್ತಲೇ ಇರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಅದು ಇಳಿದುಹೋಯಿತು. ಇವರ ಕೆಲಸ ಹೋಯಿತು, ಎಣ್ಣೂರೂ ಹೋಯಿತು, ಕೀಲ್ಪಾಕೂ ಹೋಯಿತು, ಇನ್ನು ವಾರವೆಲ್ಲ ಶುಕ್ರವಾರವೇ ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಇವರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು. ಹಿಂದೆ ಕೆಂಪು ದೀಪಗಳು ಓಡಾಡಿದವು.

‘ಎಫ್ಎಮ್ಮಲ್ಲ, ಸಾವ್ಕಾರ್ರೆ. ಮನೆಯವಳು’ ಎಂದರು. ‘ವಡೆದ್ ಬಿಟ್ಟು ಬಿಡಿ. ಅದು ಸಿಟ್ಟಿಗೆ ಹೇಳಿದ್ದು. ಶುಕ್ರವಾರದ್ ಮಾತ್ರ ನಂದೂ ಅದೇ ಮಾತು. ರಜೆ ಕೊಟ್ರೆ ಎಣ್ಣೂರಿಗೆ ಹೋತೆ. ಇಲ್ದಿದ್ರೆ ಬೇರೆ ಯಾರನ್ನಾರೂ ಕಾಣಿ.’

ನಾನು ಇವರ ಬೆನ್ನನ್ನೇ ನೋಡುತ್ತ ಕೂತಿದ್ದೆ. ಬೆವರಿನಿಂದ ಅಂಗಿ ಅಂಟಿಕೊಂಡಿತ್ತು. ಆ ಮನುಷ್ಯ ಸಾಹುಕಾರರಿಗೆ ಎದುರಾಗಿ ಒಂದು ಮಾತು ಆಡಿದ್ದನ್ನು ಕೀಲ್ಪಾಕಿನಲ್ಲಿ ಯಾರೂ ಕೇಳಿಲ್ಲ. ನಾನು ಕೇಳಿದೆ, ಅದೂ ಎರಡು ಕಿವಿಯಲ್ಲಿ. ಆಗ ಉಂಟಾದ ಪ್ರೀತಿಯನ್ನು ಈ ವಯಸ್ಸಿನಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಆಚೆ ಸಾಹುಕಾರರು ಯಾರಿಗೋ ಚಿಲ್ಲರೆ ಎಣಿಸಿ ಕೊಡುವುದು ಕೇಳಿತು. ಆಮೇಲೆ ವ್ಯಾಪಾರದ ದನಿಯಲ್ಲಿ, ‘ಆಯ್ತು. ಶುಕ್ರವಾರ ಮಧ್ಯಾಹ್ನದ ಊಟ ಮುಗಿಸಿ ಹೋಯ್ನಿ’ ಎಂದರು.

‘ಪೂರ್ತಿ’ ಎಂದೆ ನಾನು. ಬಾಯಿ ನನ್ನನ್ನು ಕೇಳಿ ಎಲ್ಲಿ ಮಾತಾಡುತ್ತದೆ?

‘ಇದ್ ಯಾರು ಹೇಳಿದ್ದು, ಐತಾಳ್ರೆ? ನೀವಾ, ಎಫ್ಎಮ್ಮಾ?’

‘ಇಬ್ಬರೂ’ ಎಂದರು ನಮ್ಮವರು.

ಆಚೆಯಿಂದ ಒಂದು ಕೆಮ್ಮು ಕೇಳಿತು. ಅದರೊಳಗೆ ನಗು ಇತ್ತೋ ಇಲ್ಲವೋ ನಾನು ಪ್ರಮಾಣ ಮಾಡಿ ಹೇಳಲಾರೆ. ‘ಸರಿ, ಪೂರ್ತಿ ಶುಕ್ರವಾರ. ಆದ್ರೆ ಐತಾಳ್ರೆ, ಇದೆಂಥದ್ದೋ ಹೆಲ್ಮೆಟ್ಟಿಗೆ ಹಾಕ್ಕಂಡಿದ್ದೀರಲ್ದಾ, ಅದು ಎಲ್ಲಿ ಸಿಕ್ತು ಅಂತ ದಯವಿಟ್ಟು ನಮ್ಮ ಮನೆಯಲ್ಲಿ ಹೇಳ್ಬೇಡಿ’ ಎಂದು ಫೋನಿಟ್ಟರು.

ಇವರು ಗಾಡಿ ಮತ್ತೆ ಸ್ಟಾರ್ಟ್ ಮಾಡಿದರು. ಕತ್ತಿಪಾರದ ಮೇಲ್ಸೇತುವೆ ಹತ್ತಿ ಇಳಿದೆವು. ಪೆಟ್ಟಿಗೆಗಳು ಚಾಲೂ ಇದ್ದವು. ನನ್ನ ಕಿವಿಯಲ್ಲಿ ಇವರ ಉಸಿರು ಏರಿ ಇಳಿಯುವುದು ಕೇಳುತ್ತಿತ್ತು. ಇವರಿಗೆ ನನ್ನದೂ ಕೇಳಿರಬೇಕು. ಗಿಂಡಿಯ ಸಿಗ್ನಲ್ಲಿನಲ್ಲಿ ನಿಂತಾಗ ಇವರು ಗಂಟಲು ಸರಿಮಾಡಿಕೊಂಡರು.

‘ಹೋಯ್, ಇಷ್ಟು ವರ್ಷ ಹಿಂದೆ ಕೂತು ಎಂತೆಂತ ಹೇಳಿದ್ದಿ? ಮೊದಲಿಂದ ಹೇಳ್ ಕಾಂಬ.’

‘ಮೊದ್ಲು ಪೆಟ್ರೋಲ್ ಎಷ್ಟಿತ್ತು ಕಾಣಿ’ ಎಂದೆ.